ಕೂಗಿದ ಸಾಲಿಗೆ ನೀರು

ನಮ್ಮ ಊರಲ್ಲಿ ಬಾಯಾರಿದರೆ ಭತ್ತ ಅಳುತ್ತದೆ. ಪಕ್ಕದ ಊರಿನಲ್ಲಿ ಅಳುವುದಿಲ್ಲ. ಅದೇ ಬೀಜವನ್ನು ಕೆರೆ ಏರಿಯ ಆಚೆ ಒಯ್ದು ಬಿತ್ತಿದರೆ ಬಾಯಿ ಬಿಡದೆ ಒಣಗಿಹೋಗುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಓದಿದ್ದು ಏಳನೇ ಕ್ಲಾಸು. ಅದನ್ನು ವಿವರಿಸುತ್ತೇನೆಂದು ಬಂದ ದೊಡ್ಡ ದೊಡ್ಡ ಓದಿನವರೇ ಎರಡು ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿ, ಮೂರನೇ ದಿನ ಬಸ್ಸು ಹತ್ತಿದ್ದಾರೆ.

ನಾನು ಈ ಊರಿನ ನೀರಗಂಟಿ, ಈರಪ್ಪ. ಕೆರೆಯ ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ನನ್ನ ಕೆಲಸ. ನಮ್ಮಪ್ಪ ಮಾಡಿದ್ದೂ ಇದೇ, ಅವರಪ್ಪ ಮಾಡಿದ್ದೂ ಇದೇ. ಇಲ್ಲಿರುವುದು ಒಂದೇ ನಿಯಮ. ಮೊದಲು ಕೂಗಿದ ಗದ್ದೆಗೆ ಮೊದಲು ನೀರು. ಎರಡು ಗದ್ದೆ ಒಟ್ಟಿಗೆ ಕೂಗಿದರೆ ಜೋರಾಗಿ ಕೂಗಿದ್ದಕ್ಕೆ ಮೊದಲು. ಅದಕ್ಕೆ ಕಿವಿ ಬೇಕು. ಅಪ್ಪ ನನಗೆ ಐದು ಮಾತು ಕಲಿಸಿದ್ದ: ಮುಲುಕು, ನರಳು, ಅಳು, ಕೂಗು, ಬೊಬ್ಬೆ. ಮುಲುಕಿದರೆ ನಾಳೆ ನೋಡಿದರೂ ನಡೆಯುತ್ತದೆ. ಬೊಬ್ಬೆ ಹಾಕಿದರೆ ಉಣ್ಣುವ ಕೈಯಲ್ಲೇ ಏಳಬೇಕು.

ಊರಿನವರು ಇದಕ್ಕೆ ಹೊಂದಿಕೊಂಡಿದ್ದಾರೆ. ಪರೀಕ್ಷೆಯ ಹಿಂದಿನ ದಿನ ಶಾಲೆಯ ಸುತ್ತಲಿನ ಗದ್ದೆಗೆ ನೀರು ಬಿಡು ಎಂದು ಮೇಷ್ಟರು ನನ್ನ ಮನೆಗೆ ಬರುತ್ತಾರೆ. ಮದುವೆಯಾಗಿ ಹೊರಗಿನಿಂದ ಬಂದ ಹೆಣ್ಣುಮಕ್ಕಳು ಮೊದಲ ವರ್ಷ ರಾಗಿ ಬೀಸುವಾಗ ತಾವೂ ಜೊತೆಗೆ ಅಳುತ್ತಾರೆ. ಎರಡನೇ ವರ್ಷಕ್ಕೆ ಅವರ ಕೈ ತಾನಾಗಿ ಚೊಂಬಿನ ಕಡೆ ಹೋಗುತ್ತದೆ. ಅಳುವ ಪೈರನ್ನು ದಾಟಿಕೊಂಡು ಹೋಗಲು ನಮ್ಮಲ್ಲಿ ಯಾರಿಂದಲೂ ಆಗುವುದಿಲ್ಲ. ಇದು ಒಳ್ಳೆಯತನ ಎಂದು ತಿಳಿಯಬೇಡಿ. ಕಣ್ಣಿಗೆ ದೂಳು ಬಿದ್ದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ.

ನನ್ನ ಅಕ್ಕ ದೇವೀರಮ್ಮ ಒಬ್ಬಳಿಗೆ ಮಾತ್ರ ಇದೊಂದೂ ಇಲ್ಲ. ನನಗಿಂತ ಆರು ವರ್ಷ ದೊಡ್ಡವಳು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಕಲಿತಿದ್ದ ಮಾತು ಉಳಿಯಿತು. ನಮ್ಮ ತುಟಿ ನೋಡಿ ನಾವು ಹೇಳಿದ್ದನ್ನು ತಿಳಿದುಕೊಳ್ಳುತ್ತಾಳೆ, ತಗಡು ಬಡಿದ ಹಾಗೆ ಒಂದೇ ದನಿಯಲ್ಲಿ ಉತ್ತರ ಕೊಡುತ್ತಾಳೆ. ಗಂಡು ಹೆಣ್ಣು ಎಂದು ನೋಡದೆ ಹಿರಿಮಗುವಿಗೇ ಗುದ್ದಲಿ ಕೊಡುವುದು ನಮ್ಮ ಮನೆಯ ವಾಡಿಕೆ. ಅಪ್ಪ ಅವಳನ್ನು ಬಿಟ್ಟು ನನಗೆ ಕೊಟ್ಟ. ಕಿವಿ ಇಲ್ಲದ ನೀರಗಂಟಿಯನ್ನು ಯಾರು ಕೇಳಿದ್ದಾರೆ? ಅವಳಿಗೆ ಮದುವೆಯೂ ಆಗಲಿಲ್ಲ. ನಮ್ಮ ಮನೆಯಲ್ಲೇ ಉಳಿದಳು.

ಹಿತ್ತಲ ಹಿಂದಿನ ಒಂದು ಮಡಿಯಲ್ಲಿ ಅವಳು ಮೂಗನೆಲ್ಲು ಬೆಳೆಯುತ್ತಾಳೆ. ಅದು ಎಷ್ಟು ಬಾಯಾರಿದರೂ ದನಿ ತೆಗೆಯದ ಭತ್ತ. ಹಿಂದೆ ಊರಿಗೆಲ್ಲ ಅದು ಇತ್ತಂತೆ. ಆದರೆ ಕೂಗದ ಭತ್ತಕ್ಕೆ ನೀರಿನ ಸರದಿ ಬರುವುದು ಯಾವಾಗ? ಒಬ್ಬೊಬ್ಬರಾಗಿ ಕೈಬಿಟ್ಟು ಹಾಲುಸಣ್ಣ ಹಾಕಿಕೊಂಡರು. ಹಾಲುಸಣ್ಣ ಚೆನ್ನಾಗಿ ಇಳುವರಿ ಕೊಡುತ್ತದೆ, ಚೆನ್ನಾಗಿ ಬೊಬ್ಬೆಯನ್ನೂ ಹಾಕುತ್ತದೆ. ಅಕ್ಕನಿಗೆ ಎರಡೂ ಒಂದೇ. ಅವಳು ಮೂಗನೆಲ್ಲನ್ನು ಬಿಡಲಿಲ್ಲ.

ಅದನ್ನು ಹುಡುಕಿಕೊಂಡೇ ಜಯಶೀಲಾ ಮೇಡಂ ನಮ್ಮ ಊರಿಗೆ ಬಂದದ್ದು. ದೊಡ್ಡೂರಿನ ಭತ್ತದ ಸಂಶೋಧನೆಯವರು. ನೀರಿಲ್ಲದೆ ನಿಲ್ಲುವ ಗುಣ ಭತ್ತದ ಒಳಗೆ ಎಲ್ಲಿ ಅಡಗಿದೆ ಎಂದು ನಕ್ಷೆ ಮಾಡಬೇಕು ಎಂದರು.

"ನಮ್ಮೂರಿಗೇ ನಕ್ಷೆ ಇಲ್ಲ. ಭತ್ತದ ಹೊಟ್ಟೆಯೊಳಕ್ಕೆ ನಕ್ಷೆಯಾ?" ಎಂದೆ.

ಅವರು ನಗಲಿಲ್ಲ. "ಈರಪ್ಪನವರೇ, ನಿಮ್ಮ ಮೂಗು ತಂದೆಯದೋ ತಾಯಿಯದೋ?"

"ಅಪ್ಪಂದು. ಸಿಟ್ಟೂ ಅಪ್ಪಂದೇ ಅಂತಾರೆ."

"ಹಂಗೇ ಇದೂ. ಮೂಗನೆಲ್ಲಿಗೂ ಹಾಲುಸಣ್ಣಕ್ಕೂ ಮದುವೆ ಮಾಡಿಸ್ತೀನಿ. ಮಕ್ಕಳು, ಮೊಮ್ಮಕ್ಕಳು ಅಂತ ಆರು ತಲೆಮಾರು ಬೆಳೆಸಿ ಇನ್ನೂರ ನಲವತ್ತು ಬಗೆ ಮಾಡ್ತೀನಿ. ಒಂದೊಂದು ಬಗೆ ಅಪ್ಪ ಅಮ್ಮನ್ನ ಒಂದೊಂದು ಥರ ಹಂಚ್ಕೊಂಡಿರ್ತದೆ. ಆಮೇಲೆ ನೀರು ನಿಲ್ಲಿಸಿ, ಯಾವುದು ಹಸಿರಾಗಿ ನಿಲ್ತದೆ ನೋಡೋದು. ನಿಂತವೆಲ್ಲ ಒಟ್ಟಾಗಿ ಹೊತ್ಕೊಂಡಿರೋ ತುಂಡು ಯಾವುದು ಅಂತ ಎಲೆಯಲ್ಲಿ ಹುಡುಕೋದು. ಆ ತುಂಡು ಇರೋ ಜಾಗಕ್ಕೆ ಗುರುತು ಹಾಕಿದರೆ ಅದೇ ನಕ್ಷೆ."

ಹೇಳಿದ ಹಾಗೆ ಮಾಡಿದರು. ಆರು ವರ್ಷ ಹಿಡಿಯಿತು. ಏಳನೇ ವರ್ಷ ಶಾಲೆಯ ಹಿಂದಿನ ಬಯಲಿನಲ್ಲಿ ಇನ್ನೂರ ನಲವತ್ತು ಬಗೆಯನ್ನು ಸಾಲುಸಾಲಾಗಿ ನೆಟ್ಟರು. ಒಂದು ಕಡೆ ಎಡವಟ್ಟಾದರೆ ಇನ್ನೊಂದು ಕಡೆ ಗೊತ್ತಾಗಲಿ ಎಂದು ಅದೇ ಬಗೆಗಳನ್ನು ಪಕ್ಕದ ತುಂಡಿನಲ್ಲಿ ಮತ್ತೊಮ್ಮೆ ನೆಟ್ಟರು. ಮಳೆ ಬೀಳದಂತೆ ಮೇಲೆ ಪ್ಲಾಸ್ಟಿಕ್ ಚಾವಣಿ ಬಂತು. ಹೊಡೆ ಹಿಡಿದು ಒಳಗೆ ತೆನೆ ಮೂಡುವ ಹೊತ್ತಿಗೆ ಇಪ್ಪತ್ತೊಂದು ದಿನ ನೀರು ಬಂದ್. ಎಲೆ ಎಷ್ಟು ಸುರುಳಿಯಾಗಿದೆ ಎಂದು ನೋಡಿ ಪ್ರತಿ ಸಾಲಿಗೂ ಅಂಕ ಹಾಕುವವನು ನಾನು. ಕಾಯುವವನೂ ನಾನೇ.

"ಒಂದು ಹನಿ ಬೀಳಬಾರದು, ಈರಪ್ಪನವರೇ," ಎಂದರು ಮೇಡಂ. ಪ್ರತಿ ಸಾಲಿನಿಂದ ಎಲೆ ಕತ್ತರಿಸಿ ಮಂಜುಗಡ್ಡೆಯ ಪೆಟ್ಟಿಗೆಗೆ ತುಂಬಿಕೊಂಡು ಹೊರಟಿದ್ದರು.

"ಬಿದ್ರೆ ನನ್ನ ಹೆಸರು ನೀರಗಂಟಿ ಅಲ್ಲ," ಎಂದೆ.

ಆ ಇಪ್ಪತ್ತೊಂದು ದಿನ ಊರು ಹೇಗಿತ್ತು ಎಂದು ಹೇಳಲಾರೆ. ಎಲ್ಲ ಸಾಲೂ ಕೂಗಲಿಲ್ಲ. ಕೆಲವು ಬೊಬ್ಬೆ, ಕೆಲವು ಬರೀ ಮುಲುಕು, ಕೆಲವು ಮೂಗನೆಲ್ಲಿನ ಹಾಗೆ ಸದ್ದಿಲ್ಲ. ಎಲೆಯ ಅಂಕವನ್ನು ಮೇಡಂ ಕೊಟ್ಟ ಹಾಳೆಯಲ್ಲಿ ಬರೆದೆ. ಅಭ್ಯಾಸ ಬಿಡದೆ, ಯಾವ ಸಾಲು ಎಷ್ಟು ಕೂಗಿತು ಎಂದು ನನ್ನದೇ ಪುಸ್ತಕದಲ್ಲೂ ಅಪ್ಪನ ಐದು ಮಾತಿನಲ್ಲಿ ಬರೆದುಕೊಂಡೆ. ಮಧ್ಯಾಹ್ನ ಅಕ್ಕ ಬುತ್ತಿ ತರುತ್ತಿದ್ದಳು. ಹೊಂಗೆಮರದ ಕೆಳಗೆ ಉಂಡು, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದೆ. ಅಷ್ಟು ಬಿಟ್ಟರೆ ಅಲ್ಲಿಂದ ಕದಲಲಿಲ್ಲ.

ಕೊಯ್ಲಿನ ಹೊತ್ತಿಗೆ ನಲವತ್ತು ಸಾಲು ತೆನೆ ತುಂಬಿ ನಿಂತಿದ್ದವು. ಉಳಿದವು ಜೊಳ್ಳು. ಎರಡೂ ತುಂಡಿನಲ್ಲಿ ಗೆದ್ದದ್ದು ಅವೇ ನಲವತ್ತು. ಮೇಡಂ ನಕ್ಷೆ ತಂದು ತೋರಿಸಿದರು. ಭತ್ತದ ಒಳಗೆ ಹನ್ನೆರಡು ಜೊತೆ ದಾರ ಇವೆಯಂತೆ. ಹಾಳೆಯ ಮೇಲೆ ಹನ್ನೆರಡು ಗೆರೆ. ಹನ್ನೊಂದು ಹೆಚ್ಚುಕಮ್ಮಿ ಬಯಲು, ಮೂರನೆಯದರ ಮೇಲೆ ಒಂದು ದೊಡ್ಡ ಗುಡ್ಡ.

"ಇಲ್ಲಿದೆ," ಎಂದರು. "ಆಶ್ಚರ್ಯ ಏನಂದ್ರೆ ಇದು ಮೂಗನೆಲ್ಲಿನಿಂದ ಬಂದದ್ದಲ್ಲ. ಹಾಲುಸಣ್ಣದ ಕಡೆಯದು."

"ಹಾಲುಸಣ್ಣ ನೀರಿಲ್ಲದೆ ಮೂರು ದಿನ ನಿಲ್ಲಲ್ಲ."

"ಒಮ್ಮೊಮ್ಮೆ ಹಂಗೂ ಇರ್ತದೆ. ಸೋಲೋ ಅಪ್ಪನ ಹತ್ರವೂ ಒಂದು ಒಳ್ಳೆ ತುಂಡು ಇರ್ತದೆ."

ಆ ನಲವತ್ತು ಸಾಲಿನ ಬೀಜವನ್ನು ಗುಡ್ಡದಾಚೆಯ ಊರುಗಳಿಗೆ ಕಳಿಸುವುದೆಂದು ಗೊತ್ತಾಯಿತು. ಅಲ್ಲಿ ಕೆರೆ ಇಲ್ಲ, ತೂಬಿಲ್ಲ, ಮುಗಿಲು ಕೊಟ್ಟಷ್ಟೇ. ಅಲ್ಲಿಂದ ಮಾರನಾಯ್ಕ ಎಂಬ ಹಿರಿಯ ನಡೆದುಕೊಂಡೇ ಬಂದು ಬಯಲನ್ನು ಸುತ್ತು ಹಾಕಿದ. ಬೀಜ ಅಂಗೈಗೆ ಹಾಕಿಕೊಂಡು ಮೂಸಿ ನೋಡಿ, ಮೇಡಂ ಕಡೆ ತಿರುಗದೆ ನನ್ನನ್ನು ಕೇಳಿದ.

"ಎಷ್ಟು ದಿನ ತಡೀತದೆ ಸ್ವಾಮಿ?"

"ಇಪ್ಪತ್ತೊಂದು. ನಾನೇ ಕಾದಿದ್ದೀನಿ," ಎಂದು ಎದೆ ತಟ್ಟಿಕೊಂಡೆ.

"ಓದಿದೋರ ಹಾಳೆ ನಂಗೆ ತಿಳೀವಲ್ದು. ನಿನ್ನ ಮಾತಿನ ಮ್ಯಾಲೆ ಬಿತ್ತೀನಿ. ಇರೋ ಹೊಲವೆಲ್ಲ ಇದನ್ನೇ ಬಿತ್ತೀನಿ," ಎಂದು ಹೊರಟುಹೋದ.

ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ ನನ್ನ ಪುಸ್ತಕ ಮೇಡಂ ಕಣ್ಣಿಗೆ ಬಿತ್ತು. ಮುಲುಕಿಗೆ ಒಂದು, ಬೊಬ್ಬೆಗೆ ಐದು ಎಂದು ಅಂಕ ಕೊಟ್ಟು ಕುತೂಹಲಕ್ಕೆ ಕಂಪ್ಯೂಟರಿಗೆ ತುಂಬಿದರು. ನಾನು ಅವರ ಕೋಣೆಯಲ್ಲಿ ಚಹಾ ಲೋಟ ಹಿಡಿದು ನೋಡುತ್ತಿದ್ದೆ. ಹಾಳೆ ಹೊರಬಂತು. ಹನ್ನೊಂದು ಬಯಲು, ಮೂರನೇ ದಾರದ ಮೇಲೆ ಗುಡ್ಡ.

"ಮೇಡಂ, ಅದೇ ಹಾಳೆ ಎರಡನೇ ಸಲ ಬಂತಲ್ಲ," ಎಂದೆ.

ಅವರು ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. "ಅದೇ ಅಲ್ಲ ಈರಪ್ಪನವರೇ. ಅದು ಹಸಿರಾಗಿ ನಿಂತವರ ನಕ್ಷೆ. ಇದು ಕೂಗಿದವರ ನಕ್ಷೆ."

ಚಹಾ ಆರಿತು. ಅವರು ಹಾಳೆ ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಕೂಗಿದ ಸಾಲಿಗೆ ಯಾರಾದರೂ ನೀರು ಹಾಕಿದರಾ?"

ನನಗೆ ಸಿಟ್ಟು ನೆತ್ತಿಗೇರಿತು. ಏನೇನು ಅಂದೆನೋ ನೆನಪಿಲ್ಲ. ಮೂರು ತಲೆಮಾರಿನ ನೀರಗಂಟಿಯನ್ನು ಕಳ್ಳ ಅನ್ನುತ್ತೀರಾ ಎಂದದ್ದು ನೆನಪಿದೆ. ಲೋಟ ಗೋಡೆಗೆ ಬಡಿದದ್ದೂ ನೆನಪಿದೆ. ಹೊರಗೆ ಬಂದವನು ನೇರವಾಗಿ ಬಯಲಿನ ಎದುರು ಇಡ್ಲಿ ಮಾರುವ ಪುಟ್ಟಗೌರಿಯ ಮುಂದೆ ನಿಂತೆ.

"ನನ್ನ ಕಣ್ಣು ತಪ್ಪಿಸಿ ಆ ಬಯಲಿಗೆ ಯಾರಾದ್ರೂ ನೀರು ಹಾಕೋದು ನೋಡಿದ್ಯಾ?"

ಪುಟ್ಟಗೌರಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ಯಾರೋ ಹಾಕಿದ್ದು ನಂಗೊತ್ತಿಲ್ಲಣ್ಣ. ನಾನು ಇಡ್ಲಿ ಪಾತ್ರೆ ತಳದ ನೀರು ಚೆಲ್ತಿದ್ದೆ. ಎಲ್ಲಾದ್ರೂ ಚೆಲ್ಲೋದೇ ಅಲ್ವಾ. ಆರಿಸ್ಕೊಂಡೇ ಚೆಲ್ತಿದ್ದೆ, ಬಿಸಿದಲ್ಲ."

"ಎಲ್ಲಿಗೆ ಚೆಲ್ದೆ?"

"ಎಲ್ಲಿ ಅಂದ್ರೆ. ಕೂಗ್ತಿತ್ತಲ್ಲ, ಅಲ್ಲಿಗೆ. ನೀನು ಗೊರಕೆ ಹೊಡೀತಿದ್ದೆ."

ಮೇಷ್ಟರ ಮನೆಗೆ ನುಗ್ಗಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, ಊಟದ ಬಿಡುವಿನಲ್ಲಿ ಬಾಯಿ ಮುಕ್ಕಳಿಸಲು ಹೋಗಿದ್ದೆ, ಒಂದು ಹೂಜಿ ಅಷ್ಟೆ ಎಂದರು. ಬಾಯಿ ಮುಕ್ಕಳಿಸಲು ಹೂಜಿಯಾ ಎಂದೆ. ಅಲ್ಲಿಂದ ಒಬ್ಬೊಬ್ಬರ ಬಾಗಿಲಿಗೂ ಹೋದೆ. ಕ್ಷೌರದ ಗೋವಿಂದ, ಅಂಚೆಯವನು, ನನ್ನನ್ನು ಕಂಡು ಬಾಗಿಲು ಹಾಕಿಕೊಂಡ ಇನ್ನಿಬ್ಬರು. ಪ್ರತಿಯೊಬ್ಬರೂ ತಾನೊಬ್ಬನೇ ಹಾಕಿದ್ದು, ಅದೂ ಒಂದಿಷ್ಟು ಎಂದುಕೊಂಡಿದ್ದರು. ಎರಡೂ ತುಂಡಿನಲ್ಲಿ ಅವೇ ಸಾಲು ಯಾಕೆ ಗೆದ್ದವೆಂದು ಈಗ ತಿಳಿಯಿತು. ಎರಡು ಕಡೆಯೂ ಕೂಗಿದ್ದು ಅವೇ ಅಲ್ಲವೇ.

ಮನೆಗೆ ಬಂದು ಅಂಗಳದಲ್ಲೇ ನಿಂತು ಊರನ್ನೆಲ್ಲ ಬೈದೆ. ನನ್ನ ಹೆಂಡತಿ ಸಾಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನಾನು ಎರಡೇ ಬಿಂದಿಗೆ," ಎಂದಳು.

"ಒಟ್ಟು ಎರಡಾ?"

"ದಿನಕ್ಕೆ."

ಅಕ್ಕ ಜಗಲಿಯ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದಳು. ನನ್ನ ತುಟಿ, ಸಾಕಮ್ಮನ ತುಟಿ ಎರಡನ್ನೂ ನೋಡಿ ಏನು ವಿಷಯ ಎಂದು ಹೊಂದಿಸಿಕೊಂಡಳು. ಆಮೇಲೆ ಆ ತಗಡಿನ ದನಿಯಲ್ಲಿ ಹೇಳಿದಳು. "ಈರ, ನೀನೂ ಹಾಕ್ದೆ."

"ನಾನಾ? ಬಾಯಿಗೆ ಬಂದಂಗೆ ಮಾತಾಡ್ಬೇಡ."

ಅವಳು ಎದ್ದು ನಿಂತಳು. ಬುತ್ತಿ ಮುಗಿಸಿದ ಹಾಗೆ ಎಡಗೈಯಲ್ಲಿ ತಟ್ಟೆ ಹಿಡಿದಳು, ಬಲಗೈಯಲ್ಲಿ ಚೊಂಬು. ಬಯಲಿನ ಹೊಂಗೆಮರದ ಬುಡದಲ್ಲಿ ಕೈ ತೊಳೆಯಲು ಇಟ್ಟಿದ್ದ ಬಾಂಡಲಿಯನ್ನು ದಾಟುವ ಹಾಗೆ ಕಾಲೆತ್ತಿ ಇಟ್ಟಳು. ನನ್ನ ಹಾಗೆಯೇ ಎಡಗಾಲು ಸ್ವಲ್ಪ ಎಳೆಯುತ್ತ ಅಂಗಳದ ಆ ತುದಿಯವರೆಗೆ ನಡೆದು, ಬಗ್ಗಿ, ಕೈ ತೊಳೆದು, ತಟ್ಟೆ ತೊಳೆದು, ಚೊಂಬನ್ನು ಪೂರ್ತಿ ಬೋರಲು ಹಾಕಿದಳು. ತಿರುಗಿ ಬಂದು ಮತ್ತೆ ಹೊರಟು, ಈ ಸಲ ಇನ್ನೊಂದು ಮೂಲೆಗೆ ಹೋಗಿ ಅದನ್ನೇ ಮಾಡಿದಳು.

"ನಿತ್ಯ," ಎಂದಳು. "ಒಂದೊಂದು ದಿನ ಒಂದೊಂದು ಕಡೆ. ಇನ್ನೊಂದು ಚೊಂಬು ತಾ ಅಂತ ನನ್ನನ್ನೇ ಕಳಿಸಿದ್ದೂ ಉಂಟು."

ಸಾಕಮ್ಮ ಮೊರ ಕೆಳಗಿಟ್ಟಳು. ನನಗೆ ಬಾಂಡಲಿ ನೆನಪಾಯಿತು. ಇಪ್ಪತ್ತೊಂದು ದಿನವೂ ಅದರ ನೀರು ತುಂಬಿದ ಹಾಗೇ ಇತ್ತು. ಅದರಲ್ಲಿ ಹೊಂಗೆಯ ಹೂ ಬಿದ್ದು ಕೊಳೆತಿತ್ತು. ನಾನು ಒಂದು ಸಲವೂ ಅಲ್ಲಿ ಕೈ ತೊಳೆದಿರಲಿಲ್ಲ.

"ಆವಾಗ್ಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಕೇಳ್ಲಿಲ್ಲ. ಅಲ್ಲಿ ಯಾವ ಸಾಲು ಕೂಗ್ತೈತೆ ಅಂತ ನಂಗೇನು ಗೊತ್ತು? ಕೈ ತೊಳೆಯಾಕೆ ಇಷ್ಟು ದೂರ ಯಾಕೆ ಹೋಗ್ತಾನೆ ಅಂದ್ಕೊಂಡೆ. ಸಿಟ್ಟಿನ ಮನುಷ್ಯ, ನಡೆದಾಡ್ಲಿ, ತಣ್ಣಗಾಗ್ತಾನೆ ಅಂತ ಸುಮ್ನಿದ್ದೆ."

ಆವತ್ತು ಸಂಜೆಯವರೆಗೂ ತೂಬಿನ ಕಲ್ಲಿನ ಮೇಲೆ ಕೂತಿದ್ದೆ. ಬೇರೆಯವರು ಹಾಕಿದರು ಎಂದು ಹೇಳಿ ಮುಗಿಸಬಹುದಿತ್ತು. ಏನೂ ಹೇಳದೆಯೂ ಇರಬಹುದಿತ್ತು. ಮೇಡಂ ಕೇಳಿದ್ದು ಬರೀ ಅನುಮಾನ. ಮೇಲಿನವರಿಗೆ ಕಾಗದ ಹೋಗಿಯಾಗಿತ್ತು, ಲಾರಿ ಗೊತ್ತಾಗಿತ್ತು. ಆದರೆ ನಾವು ಗುಡ್ಡದಾಚೆಗೆ ಕಳಿಸುತ್ತಿದ್ದದ್ದು ನೀರಿಲ್ಲದೆ ನಿಲ್ಲುವ ಭತ್ತವನ್ನಲ್ಲ, ಜೋರಾಗಿ ಕೂಗುವ ಭತ್ತವನ್ನು. ಅದೂ ಕೂಗು ಕೇಳಿಸದ ನೆಲಕ್ಕೆ. ಅಲ್ಲಿ ಅದು ಬಾಯಿ ಮುಚ್ಚಿಕೊಂಡು ಒಂದು ವಾರದಲ್ಲಿ ಹುಲ್ಲಾಗುತ್ತದೆ. ಮಾರನಾಯ್ಕ ಇಪ್ಪತ್ತೊಂದನೇ ದಿನದವರೆಗೂ ನನ್ನ ಮಾತು ನಂಬಿಕೊಂಡು ಹೊಲದ ಬದಿಯಲ್ಲಿ ಕೂತಿರುತ್ತಾನೆ.

ಬೆಳಿಗ್ಗೆ ಹೋದಾಗ ಲಾರಿಗೆ ಚೀಲ ಏರಿಸುತ್ತಿದ್ದರು. ಹಿಂದಿನಿಂದ ಹತ್ತಿ ಒಂದು ಚೀಲ ಎಳೆದು ಕೆಳಗೆ ಹಾಕಿದೆ. ಇನ್ನೊಂದು ಎಳೆದೆ. ಡ್ರೈವರು ಬೈಯತೊಡಗಿದ. ಮೇಡಂ ಓಡಿಬಂದರು.

"ಇಳಿಸಿ ಇವನ್ನ," ಎಂದೆ. "ನಾನೇ ಹಾಕಿದ್ದು."

"ಏನನ್ನ?"

"ನೀರು. ಊರೋರೆಲ್ಲ ಹಾಕಿದ್ರು. ಅವರನ್ನ ಬೈಯೋ ಯೋಗ್ಯತೆ ನಂಗಿಲ್ಲ. ಉಂಡು ಕೈ ತೊಳೆಯೋ ನೆಪದಲ್ಲಿ ನಾನೂ ಹಾಕಿದ್ದೀನಿ. ದೇವರಾಣೆಗೂ ನನಗೇ ತಿಳೀದಂಗೆ."

"ಎಷ್ಟು ಸಾಲಿಗೆ?"

"ಕೂಗಿದ್ದಕ್ಕೆಲ್ಲ."

ಅವರು ಕೆಳಗೆ ಬಿದ್ದ ಚೀಲದ ಮೇಲೆ ಕೂತರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈದು ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಪಕ್ಕದ ಚೀಲದ ದಾರ ಬಿಚ್ಚಿ, ಒಂದು ಹಿಡಿ ಭತ್ತ ತೆಗೆದು, ಬೆರಳ ಸಂದಿಯಿಂದ ಮತ್ತೆ ಅದರೊಳಕ್ಕೇ ಸುರಿದರು.

"ನಾನು ಏಳು ವರ್ಷದಿಂದ ಗಂಟಲು ಹುಡುಕ್ತಿದ್ದೆ ಅಂತಾಯ್ತು," ಎಂದರು. ಚೀಲದ ಬಾಯಿ ಮತ್ತೆ ಕಟ್ಟುತ್ತ, "ಬಗೆಗಳು ಹಾಳಾಗಿಲ್ಲ. ಇನ್ನೊಂದು ಬೆಳೆ ಬೇಕು, ಅಷ್ಟೆ. ಮೇಲಿನವರಿಗೆ ಏನಾದ್ರೂ ಹೇಳ್ಕೋತೀನಿ. ಆದ್ರೆ ಈರಪ್ಪನವರೇ, ಎಷ್ಟು ಕೂಗಿದ್ರೂ ನೀರು ಹಾಕದ ಒಬ್ಬರಾದ್ರೂ ಈ ಊರಲ್ಲಿ ಇದ್ದಾರಾ?"

"ಒಬ್ಬಳಿದ್ದಾಳೆ," ಎಂದೆ.

ಮುಂದಿನ ಬೆಳೆಗೆ ಬಯಲಿನ ಸುತ್ತ ಮುಳ್ಳುಬೇಲಿ ಹಾಕಿ, ಒಳಗೆ ದೇವೀರಕ್ಕನನ್ನು ಕೂರಿಸಿದೆವು. ಕೈಗೊಂದು ಬಿದಿರು ಕೋಲು. ಇಪ್ಪತ್ತೊಂದು ದಿನ ಊರು ಕಿವಿ ಮುಚ್ಚಿಕೊಂಡು ಬದುಕಿತು. ಪುಟ್ಟಗೌರಿ ಇಡ್ಲಿ ಅಂಗಡಿಯನ್ನು ಬಸ್‌ಸ್ಟ್ಯಾಂಡಿಗೆ ಎತ್ತಿಕೊಂಡು ಹೋದಳು. ಮೇಷ್ಟರು ಪಾಠವನ್ನು ಕೆರೆಯ ಏರಿಯ ಮೇಲೆ ಮಾಡಿದರು. ಅಕ್ಕ ಮಾತ್ರ ಬೊಬ್ಬೆಯ ನಡುವೆ ತಂಪಾಗಿ ಓಡಾಡಿಕೊಂಡಿದ್ದಳು. ಎಲೆಯ ಸುರುಳಿ ನೋಡಿ, ಬೆರಳಿನಿಂದ ಸವರಿ, ಒಮ್ಮೊಮ್ಮೆ ಕೆನ್ನೆಗೆ ಒತ್ತಿ ಅಂಕ ಹೇಳುತ್ತಿದ್ದಳು. ಮೇಡಂ ಬರೆದುಕೊಳ್ಳುತ್ತಿದ್ದರು. ಐವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅವಳಿಗೆ ಅದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ನನಗೆ ತಿಳಿಯುವ ಮೊದಲೇ ಬೇಲಿಯ ಪಕ್ಕ ನಿಂತಿದ್ದೆ. ಎಂಜಲು ಕೈ, ಇನ್ನೊಂದರಲ್ಲಿ ಚೊಂಬು. ಕೋಲು ನನ್ನ ಮಣಿಕಟ್ಟಿಗೆ ಬಿತ್ತು.

"ಮನೇಗ್ ಹೋಗಿ ಕೈ ತೊಳಿ," ಎಂದಳು ಅಕ್ಕ.

ಈ ಸಲದ ನಕ್ಷೆಯಲ್ಲಿ ಮೂರನೇ ದಾರ ಅಂಗೈಯ ಹಾಗೆ ಬಯಲು. ಒಂಬತ್ತನೆಯದರ ಮೇಲೆ ಒಂದು ದಿಬ್ಬ. ಗುಡ್ಡ ಎನ್ನುವ ಹಾಗಿಲ್ಲ. ಬಂದದ್ದು ಮೂಗನೆಲ್ಲಿನ ಕಡೆಯಿಂದ. ಚಿಕ್ಕದು, ಆದರೆ ಇದು ನಂಬುವಂಥದ್ದು ಎಂದರು ಮೇಡಂ. ಗೆದ್ದ ಸಾಲುಗಳು ಬೇರೆ ಬೇರೆ ಥರ ಕೂಗುತ್ತಿದ್ದವು, ಕೆಲವು ಕೂಗುತ್ತಲೇ ಇರಲಿಲ್ಲ. ಮಾರನಾಯ್ಕ ಮತ್ತೆ ನಡೆದು ಬಂದು ಅದೇ ಪ್ರಶ್ನೆ ಕೇಳಿದ.

"ನನ್ನನ್ನ ಕೇಳ್ಬೇಡಿ. ಅಕ್ಕನ್ನ ಕೇಳಿ," ಎಂದೆ.

ಅಕ್ಕ ಅವನ ತುಟಿ ನೋಡಿದಳು. "ಹದಿನಾಲ್ಕು ದಿನ. ಆಮೇಲೆ ಕೊಡಬೇಕು. ಇದಕ್ಕೂ ಬಾಯಾರ್ತದೆ. ಹೇಳಾಕಿಲ್ಲ, ಅಷ್ಟೆ."

ಮಾರನಾಯ್ಕ ಬೆರಳು ಮಡಿಸಿ ಎಣಿಸಿ ನೋಡಿ, ತಲೆಯಾಡಿಸಿ, ಅವಳ ಕೈಯಿಂದಲೇ ಬೀಜ ಇಸಿದುಕೊಂಡ. ನಾನು ನೆಲ ನೋಡುತ್ತಿದ್ದೆ. ನಮ್ಮ ಮನೆಯಲ್ಲೂ ಮೊದಲ ತಟ್ಟೆ ಯಾವತ್ತೂ ಕೂಗಿದವನ ಮುಂದೆಯೇ ಬಂದದ್ದು. ಕೂಗುತ್ತಿದ್ದವನು ನಾನು.

ಈಗ ತೂಬು ಎತ್ತುವ ಮೊದಲು ನಾವಿಬ್ಬರೂ ಒಂದು ಸುತ್ತು ಹಾಕುತ್ತೇವೆ. ನಾನು ಕಿವಿಗೊಡುತ್ತೇನೆ, ಅವಳು ಎಲೆ ಮುಟ್ಟಿ ನೋಡುತ್ತಾಳೆ. ಎಷ್ಟೋ ಸಲ ಕೂಗುವ ಗದ್ದೆಯನ್ನು ಬಿಟ್ಟು ಸದ್ದಿಲ್ಲದ ಗದ್ದೆಗೆ ನೀರು ತಿರುಗಿಸುತ್ತೇನೆ. ಊರಿನವರಿಗೆ ಇದು ಹಿಡಿಸಿಲ್ಲ. ಮೊನ್ನೆ ಗೋವಿಂದ ನನ್ನ ಎದುರೇ, ಈರಪ್ಪಣ್ಣನಿಗೂ ಕಿವಿ ಹೋಯ್ತು, ಮನೆತನದ ಕಾಯಿಲೆ ಎಂದ. ಅವನ ಹಿಂದೆ ಅವನ ಗದ್ದೆ ಬೊಬ್ಬೆ ಹಾಕುತ್ತಿತ್ತು. ಮೊದಲಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಕೈ ಮೇಲೆದ್ದದ್ದೂ ನಿಜ. ಅಷ್ಟರಲ್ಲಿ ದೂರದ ಬದುವಿನ ಮೇಲೆ ಅಕ್ಕ ಒಂದು ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ನಿಂತು, ಇನ್ನೊಂದು ಕೈಯಿಂದ ನನ್ನನ್ನು ಕರೆಯುವುದು ಕಾಣಿಸಿತು. ಗುದ್ದಲಿ ಹೆಗಲಿಗೆ ಹಾಕಿಕೊಂಡು ಆ ಕಡೆ ನಡೆದೆ.